ಮೊರದ ಹಿಂದಿನ ಎರಡು ಗೂಡು

ಕಳೆದ ವಾರ ರಾಮನಗರದಲ್ಲಿ ಬಸ್ಸಿಳಿದು ಅರ್ಕಾವತಿ ಕಡೆ ನಡೆದು ಹೋಗುತ್ತಿದ್ದೆ. ಒಂದು ಶೆಡ್ಡಿನ ಹಿಂಬದಿಯಿಂದ ಆ ವಾಸನೆ ಬಂತು. ರೇಷ್ಮೆ ನೂಲು ಬಿಚ್ಚುವಾಗ ಗೂಡಿನೊಳಗಿನ ಹುಳ ಬೇಯುತ್ತದಲ್ಲ, ಆ ವಾಸನೆ. ಹೊರಗಿನವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ನನಗೆ ಮಾತ್ರ ಹೊಸ ಹೆದ್ದಾರಿ ಸಂಚಾರಕ್ಕೆ ಬಿಟ್ಟ ವರ್ಷದ ಮಳೆಗಾಲ ನೆನಪಾಯಿತು. ಜೊತೆಗೆ ಚಿಕ್ಕತಾಯಮ್ಮನ ಕಾಫಿ. ಆ ಮಳೆಗಾಲದಲ್ಲಿ ನಾನು ಒಂದು ಸಮೀಕ್ಷಾ ಪ್ರಬಂಧ ಬರೆದೆ. ಬರೆದದ್ದು ಸರಿಯೋ ತಪ್ಪೋ ಎಂಬ ಗುಮಾನಿ ಇವತ್ತಿಗೂ ಹೋಗಿಲ್ಲ.

ನಾನು ಮೇಷ್ಟ್ರಾಗುವ ಮೊದಲು ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವನು. ನೂಲು ತೆಗೆಯುವ ರೀಲರುಗಳ ಪರವಾಗಿ ಗೂಡು ನೋಡಿ ಆರಿಸುವುದು ನನ್ನ ಕಸುಬು. ರೈತ ತಾನು ತಂದ ಗೂಡಿನ ರಾಶಿಯನ್ನು, ಅಂದರೆ ಲಾಟನ್ನು, ಸುರಿದಿರುತ್ತಾನೆ. ಮೇಲುಗಡೆ ಎಲ್ಲ ಬೆಳ್ಳಗೆ ಗಟ್ಟಿ ಗೂಡು. ಅದನ್ನು ನೋಡಿ ಕೂಗುವವನು ಮನೆಗೆ ಹೋಗಿ ಅಳುತ್ತಾನೆ. ಮೊಳಕೈವರೆಗೂ ಕೈ ಇಳಿಸಿ ತಳದಿಂದ ಒಂದು ಹಿಡಿ ಎತ್ತಬೇಕು, ಕಲೆ ಗೂಡು, ತೆಳು ಗೂಡು ಎಲ್ಲ ಅಲ್ಲಿರುತ್ತವೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಹುಳ ಜೀವಂತ ಇದೆಯೋ ಸತ್ತು ಅಂಟಿಕೊಂಡಿದೆಯೋ ತಿಳಿಯುತ್ತದೆ. ಹೀಗೆ ಕೂಗಿಕೊಂಡೇ ಅಂಚೆ ಶಿಕ್ಷಣದಲ್ಲಿ ಎಂ.ಎ. ಮಾಡಿದೆ, ಆಮೇಲೆ ಡಾಕ್ಟರೇಟು, ಆಮೇಲೆ ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸದ ಕೆಲಸ. ಯಾರೂ ಕೈಹಿಡಿದು ನಡೆಸಲಿಲ್ಲ.

ಪುಸ್ತಕವನ್ನೂ ನಾನು ಓದುವುದು ಹಾಗೆಯೇ. ಸಮೀಕ್ಷೆ ಬರೆಯಬೇಕೆನ್ನುವ ಹುಡುಗ ಹುಡುಗಿಯರು ಕೇಳಿದರೆ ಹೇಳುವುದೂ ಇದನ್ನೇ: ಮುನ್ನುಡಿ ಮೊದಲು ಓದಬೇಡಿ, ಅದು ಮೇಲೆ ಸುರಿದ ಗೂಡು. ಅಡಿಟಿಪ್ಪಣಿಗಳಿಂದ ಶುರುಮಾಡಿ. ಕೃತಜ್ಞತೆಯ ಪುಟದಲ್ಲಿ ಯಾರ ಹೆಸರಿದೆ, ಇರಬೇಕಾದ ಯಾರ ಹೆಸರಿಲ್ಲ ನೋಡಿ. ಹಾಗೆಯೇ, ಸಂಪಾದಕರು ಬರೆದುಕೊಡಿ ಎಂದ ದಿನವೇ ಒಪ್ಪಿಕೊಳ್ಳಬೇಡಿ. ನಿಮ್ಮನ್ನೇ ಯಾಕೆ ಕೇಳಿದರು ಎಂದು ಒಂದು ದಿನ ಯೋಚಿಸಿ.

ನಾನೂ ಯೋಚಿಸಿದೆ. ಮೈಸೂರಿನಿಂದ ಹೊರಡುವ ಆ ವಿದ್ವತ್ ಪತ್ರಿಕೆಯ ಹೆಸರು ಬೇಡ. ಅದರ ಸಂಪಾದಕರು ಅಲ್ಲಿಯವರೆಗೆ ನನಗೆ ಕೊಡುತ್ತಿದ್ದದ್ದು ಒಂದೊಂದು ಪುಟದ ಚಿಲ್ಲರೆ ಪರಿಚಯ ಬರೆಯುವ ಕೆಲಸ. ಆ ವರ್ಷ ಆಷಾಢದ ಗಾಳಿ ಶುರುವಾದ ಹೊತ್ತಿಗೆ ತಾವೇ ಫೋನು ಮಾಡಿ, ಹಳೇ ಮೈಸೂರಿನ ರೇಷ್ಮೆ ಕೃಷಿಯ ಚರಿತ್ರೆಯ ಮೇಲೆ ಮೂರು ಪುಸ್ತಕ ಬಂದಿವೆ, ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ದೊಡ್ಡ ಸಮೀಕ್ಷಾ ಪ್ರಬಂಧ ಬರೆಯಿರಿ, ನಿಮಗಿಂತ ಯೋಗ್ಯರು ಯಾರಿದ್ದಾರೆ ಎಂದರು. ನನ್ನನ್ನು ಯಾರಾದರೂ ಹೊಗಳಿದರೆ ಕೈ ತಾನಾಗಿ ತಳಕ್ಕೆ ಇಳಿಯುತ್ತದೆ.

ಮೊದಲನೆಯ ಪುಸ್ತಕ ಸಂಪಾದಕರ ಗುರುಗಳದು. ಎರಡನೆಯದು ಸರ್ಕಾರಿ ದಾಖಲೆಗಳ ಸಂಕಲನ, ಅದರಲ್ಲಿ ಜಗಳಕ್ಕೆ ಏನೂ ಇರಲಿಲ್ಲ. ಮೂರನೆಯದು ಕನಕಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದ ಡಾ. ಭಾಗ್ಯ ಬರೆದದ್ದು. ಹಾರೋಹಳ್ಳಿ ಕಡೆಯ ಹುಡುಗಿ, ತಂದೆ ಅಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಹುಳ ಸಾಕುವ ಮನೆಗಳ ಹೆಂಗಸರನ್ನು ಊರೂರಿಗೆ ಹೋಗಿ ಮಾತಾಡಿಸಿ ಬರೆದಿದ್ದಳು. ನಾನು ಆಕೆಯನ್ನು ಅಲ್ಲಿಯವರೆಗೆ ಕಂಡಿರಲಿಲ್ಲ.

ಪುಸ್ತಕ ಚೆನ್ನಾಗಿತ್ತು. ನಾಲ್ಕನೆಯ ಅಧ್ಯಾಯ ತೀರಾ ಚೆನ್ನಾಗಿತ್ತು. ನನಗೆ ಗುಮಾನಿ ಬಂದದ್ದು ಅದಕ್ಕೇ.

ಆ ಅಧ್ಯಾಯವೆಲ್ಲ ನಿಂತಿದ್ದದ್ದು ಒಂದು ಆಚರಣೆಯ ಮೇಲೆ. ಗೂಡು ಬಿಡಿಸುವ ದಿನ ಮನೆಯ ಹಿರಿಯಾಕೆ ಒಳ್ಳೆಯ ಎರಡು ಗೂಡು ಆರಿಸಿ, ಅರಿಶಿನ ಹಚ್ಚಿದ ದಾರದಲ್ಲಿ ಕಟ್ಟಿ, ಹುಳದ ಮನೆಯ ಗೋಡೆಗೆ ನೇತುಹಾಕಿದ ಮೊರದ ಹಿಂದೆ ಇಡುತ್ತಾಳೆ. ದಿನ ತುಂಬಿದಾಗ ಚಿಟ್ಟೆಗಳು ಗೂಡು ಕೊರೆದು ಹೊರಬರುತ್ತವೆ. ತೂತು ಬಿದ್ದ ಗೂಡು ಮುಂದಿನ ಬೆಳೆಯವರೆಗೆ ಅಲ್ಲೇ ಇರುತ್ತದೆ. ಎಲ್ಲವನ್ನೂ ಕುದಿಯಲು ಕಳಿಸುವ ಮನೆ ಎರಡನ್ನು ಚಿಟ್ಟೆಯಾಗಲು ಬಿಡುತ್ತದೆ. ಇದನ್ನು ಮಾರುಕಟ್ಟೆಗೆ ಹೋಗುವ ಗಂಡಸರ ಮುಂದೆ, ಕೊಳ್ಳುವವರ ಮುಂದೆ ಬಾಯಿಬಿಡುವುದಿಲ್ಲ. ಹೀಗೆಂದು ಹೇಳಿದವರು ಕೂಟಗಲ್ಲಿನ ಚಿಕ್ಕತಾಯಮ್ಮ ಎಂದು ಅಡಿಟಿಪ್ಪಣಿಯಲ್ಲಿತ್ತು.

ಅಷ್ಟು ವರ್ಷ ಮಾರುಕಟ್ಟೆಯಲ್ಲಿ ಇದ್ದವನು ನಾನು. ಕೂಟಗಲ್ಲು, ಮಾಗಡಿ, ಕನಕಪುರ, ಎಲ್ಲ ಕಡೆಯ ಗೂಡೂ ನನ್ನ ಕೈಮೇಲೆ ಹಾದುಹೋಗಿದೆ. ಇಂಥದೊಂದು ಸುದ್ದಿ ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಅದೂ ಅಲ್ಲದೆ ಹಳ್ಳಿಯವರ ಆಚರಣೆಗೆ ಇಷ್ಟು ಅಚ್ಚುಕಟ್ಟಾದ ಅರ್ಥ ಇರುವುದಿಲ್ಲ. ಯಾಕವ್ವಾ ಹೀಗೆ ಮಾಡ್ತೀರಿ ಅಂದರೆ ನಮ್ಮತ್ತೆ ಮಾಡ್ತಿದ್ರು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಇದು ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಲು ಮಾಡಿದ ಮೇಲುಗೂಡು ಎಂದುಕೊಂಡೆ.

ಸಂಪಾದಕರಿಗೆ ಫೋನಿನಲ್ಲಿ ಸುಮ್ಮನೆ ಒಂದು ಮಾತು ಹಾಕಿದೆ. ನಾಲ್ಕನೆಯ ಅಧ್ಯಾಯದ ಮೇಲೆ ನನಗೆ ಒಸಿ ಅನುಮಾನ ಇದೆ ಸಾರ್, ಅಂತ. ಅವರ ದನಿ ಬದಲಾಯಿತು. ಭಾಗ್ಯಳಿಗೆ ಕಾಯಂ ಕೆಲಸದ ಸಂದರ್ಶನ ಹತ್ತಿರ ಬರುತ್ತಿದೆ, ಸಮಿತಿಯಲ್ಲಿರುವವರೆಲ್ಲ ನಮ್ಮ ಪತ್ರಿಕೆ ಓದುವವರೇ, ಅನುಮಾನ ಇದ್ದರೆ ಮುಚ್ಚಿಡಬೇಡಿ ಎಂದರು. ನಾನು ಕೇಳಿರದ ವಿಷಯ ಅದು. ಕೇಳದೆ ಇದ್ದದ್ದನ್ನು ಕೊಸರು ಹಾಕುವ ವ್ಯಾಪಾರಿಯನ್ನು ನಾನು ನಂಬುವುದಿಲ್ಲ. ಇವರ ಕೈಯಲ್ಲಿ ಬೇರೆ ಯಾರೋ ಅಭ್ಯರ್ಥಿ ಇದ್ದಾರೆಯೇ ಎಂದು ಆಗಲೇ ಅನಿಸಿತು. ಆದರೆ ಸಂಪಾದಕರ ಮನಸ್ಸಿನಲ್ಲಿ ಏನೇ ಇರಲಿ, ಪುಸ್ತಕದಲ್ಲಿ ಸುಳ್ಳಿದ್ದರೆ ಸುಳ್ಳು ಸುಳ್ಳೇ. ಹೋಗಿ ನೋಡುವುದೆಂದು ತೀರ್ಮಾನಿಸಿದೆ.

ಆ ವರ್ಷದ ಮಳೆ ಹೊಡೆತದ ಮಳೆಯಲ್ಲ, ಬಿಡದೆ ಜಿನುಗುವ ಮಳೆ. ರಾಮನಗರದ ಬಂಡೆಗಳ ನೆತ್ತಿ ದಿನವಿಡೀ ಕಾಣುತ್ತಿರಲಿಲ್ಲ. ಹುಳ ಸಾಕುವವರಿಗೆ ಇಂಥ ಹವೆ ಆಗದು. ಸೊಪ್ಪು ಒದ್ದೆ, ಹುಳದ ಮನೆ ತಂಡಿ, ಹುಳ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿಗಿದು ಸಾಯುವ ಸುಣ್ಣಕಟ್ಟು ರೋಗ ಇಂಥದ್ದೇ ದಿನಗಳಲ್ಲಿ ಬರುತ್ತದೆ. ಜೊತೆಗೆ ಮಾರುಕಟ್ಟೆಯ ಹಳೆಯ ಗೆಳೆಯ ಪುಟ್ಟಸ್ವಾಮಿಯನ್ನು ಕರೆದುಕೊಂಡೆ. ಅವನು ರೀಲರು, ಕೂಟಗಲ್ಲಿನ ಮನೆಮನೆ ಗೊತ್ತು. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ನನ್ನನ್ನು ಕಿಚಾಯಿಸಿದ.

"ಏನ್ಲಾ ಪ್ರೊಫೆಸರು, ಒಂದ್ ಪುಸ್ತಕ ಓದಕ್ಕೆ ಇಷ್ಟು ಪೆಟ್ರೋಲ್ ಬೇಕೇನ್ಲಾ?"

"ಲಾಟು ನೋಡ್ದೆ ಯಾವತ್ತಾದ್ರೂ ಕೂಗಿದ್ದೀನೇನ್ಲಾ ನಾನು?"

"ಅದ್ಸರಿ. ಆ ಹುಡ್ಗಿ ಏನ್ ನಿಂಗೆ ಗೂಡು ಮಾರಕ್ ಬಂದಿದ್ಲಾ?"

ಆಗ ನಕ್ಕುಬಿಟ್ಟೆ. ಪುಟ್ಟಸ್ವಾಮಿ ತಮಾಷೆಗೆ ಅಂದದ್ದರಲ್ಲಿ ಎಷ್ಟೋ ಸಲ ತೂಕ ಇರುತ್ತದೆ, ಆದರೆ ಅವನ ಮುಖ ನೋಡಿದರೆ ಹಾಗನಿಸುವುದಿಲ್ಲ.

ಚಿಕ್ಕತಾಯಮ್ಮ ನಡುಮನೆಯಲ್ಲಿ ಹಳೇ ಸೀರೆ ಹಾಸಿಕೊಂಡು ಗೂಡು ಬಿಡಿಸುತ್ತಾ ಕೂತಿದ್ದರು. ಸಣ್ಣ ದೇಹ, ಎಲೆಯಡಿಕೆ ತುಂಬಿದ ಬಾಯಿ, ನಮ್ಮನ್ನು ನೋಡಿದರೂ ಕೈ ನಿಲ್ಲಲಿಲ್ಲ. ಕೂತ್ಕೊಳ್ಳಿ ಅನ್ನಲಿಲ್ಲ. ನಾನು ಬಾಗಿಲಲ್ಲಿ ನಿಂತೇ ನಮಸ್ಕಾರ ಹೇಳಿ, ಬೆಳೆ ಹೆಂಗೈತವ್ವಾ ಎಂದು ವಾಡಿಕೆಯಂತೆ ಕೇಳಿದೆ. ಕೇಳುತ್ತಲೇ ಕೈ ತನ್ನಷ್ಟಕ್ಕೆ ತಾನು ಬಾಗಿಲ ಪಕ್ಕದ ರಾಶಿಯ ತಳಕ್ಕೆ ಹೋಗಿ ಒಂದು ಗೂಡು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿತು. ಒಳ್ಳೆಯ ಗೂಡು, ಒಳಗೆ ಹುಳ ಲೊಟಲೊಟ ಅಂದಿತು.

ಆಕೆ ನನ್ನ ಕೈಯನ್ನೇ ನೋಡುತ್ತಿದ್ದರು. "ಬೆಳೆ ಎಲ್ಲೈತಪ್ಪ," ಅಂದರು. "ಸುಣ್ಣಕಟ್ಟು ಬಂದು ಅರ್ಧಕ್ಕರ್ಧ ಹುಳ ತಿಪ್ಪೆಗೋಯ್ತು."

ನಾನು ಮೊರದ ವಿಷಯ ತೆಗೆದೆ.

"ಮೊರದಿಂದೆ ಗೂಡಾ? ಯಾರ್ ಏಳುದ್ರಪ್ಪ ನಿಂಗೆ? ಮೊರ ಇರಾದು ರಾಗಿ ಕೇರಕ್ಕೆ."

ಭಾಗ್ಯ ಅಂತ ಒಬ್ಬರು ಬಂದು ಕೇಳಿಕೊಂಡು ಹೋಗಿದ್ದರಂತಲ್ಲ ಎಂದೆ. ಯಾವ ಭಾಗ್ಯನೋ, ಎಷ್ಟೋ ಜನ ಬರುತ್ತಾರೆ ಹೋಗುತ್ತಾರೆ, ತನಗೆ ನೆನಪಿಲ್ಲ ಅಂದರು. ಆಮೇಲೆ ಪುಟ್ಟಸ್ವಾಮಿ ಕಡೆ ತಿರುಗಿ, ಈ ಸಲ ಮಾರುಕಟ್ಟೆಗೆ ಏನೂ ಬರಾಕಿಲ್ಲ ಕಣಪ್ಪ ಎಂದು ಮಾತು ಮುಗಿಸಿದರು. ನಾವು ಮಳೆಯಲ್ಲೇ ವಾಪಸು ಬಂದೆವು.

ನನಗೆ ಗೆದ್ದ ಸಮಾಧಾನ. ಸ್ಕೂಟರಿನ ಮೇಲೆಯೇ ವಾಕ್ಯ ಸಿದ್ಧವಾಗಿತ್ತು: "ಅಧ್ಯಾಯದ ಮುಖ್ಯ ಸಾಕ್ಷ್ಯವನ್ನು ಸ್ಥಳದಲ್ಲಿ ಪರಿಶೀಲಿಸಿದಾಗ, ತಾವು ಹೇಳಿದರೆನ್ನಲಾದ ಮಾತನ್ನು ಸಾಕ್ಷಿಯೇ ಅಲ್ಲಗಳೆದರು." ಇಂಥ ವಾಕ್ಯ ಬರೆಯುವಾಗ ಆಗುವ ಸುಖ ಬರೆದವರಿಗೆ ಗೊತ್ತು. ಒಂದು ಪುಸ್ತಕ ಕೆಡವಲು ಅಷ್ಟು ಸಾಕು, ಸಂದರ್ಶನದ ಕೋಣೆಯಲ್ಲಿ ಒಬ್ಬ ಹುಡುಗಿಯನ್ನು ಎಬ್ಬಿಸಿ ಕಳಿಸಲೂ ಅಷ್ಟೇ ಸಾಕು. ಸಂಪಾದಕರಿಗೆ ಓದಿ ಹೇಳಿದೆ. ಆ ಒಂದು ಪ್ಯಾರಾದ ಮೇಲೆ ಇಡೀ ಪ್ರಬಂಧ ನಿಂತುಕೊಳ್ಳುತ್ತದೆ, ಬೇಗ ಕಳಿಸಿ ಎಂದರು.

ಕಳಿಸುವ ಮುಂಚೆ ನನ್ನ ಬರಹವನ್ನೆಲ್ಲ ಓದುವವಳು ಹೆಂಡತಿ ಜಯಂತಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ತವರು ಮಾಗಡಿ ತಾಲ್ಲೂಕಿನ ಕಲ್ಯ, ಅವರ ಮನೆಯಲ್ಲೂ ಹುಳ ಸಾಕುತ್ತಿದ್ದರು. ಭಾನುವಾರ ಬೆಳಿಗ್ಗೆ ನೆನೆಸಿದ ಅವರೆಕಾಳು ಹಿಸುಕುತ್ತಾ, ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಓದಿದಳು. ಆ ಪ್ಯಾರಾದ ಹತ್ತಿರ ನಿಂತಳು. ಕೂಟಗಲ್ಲಿನಲ್ಲಿ ಏನೇನು ಮಾತಾಯಿತು ಎಂದು ಕೇಳಿದಳು. ಹೇಳಿದೆ.

"ಅಲ್ಲಾ ರೀ, ಆಯಮ್ಮ ಸುಣ್ಣಕಟ್ಟು ಬಂತು ಅಂದ್ರಲ್ಲ, ಅದನ್ನ ನಂಬಿದ್ರಾ?"

"ನಂಬ್ತೀನಾ? ಕಣ್ಣೆದುರಿಗೆ ಒಳ್ಳೇ ಗೂಡು ರಾಶಿ ಬಿದ್ದಿತ್ತು."

"ಮತ್ತೆ ಮೊರದ ವಿಷಯ ಹೆಂಗೆ ನಂಬಿದ್ರಿ?"

ಕೊಳ್ಳುವವನ ಮುಂದೆ ಯಾವ ರೈತನೂ ಬೆಳೆ ಇದೆ ಅನ್ನುವುದಿಲ್ಲ. ಇದೆ ಅಂದರೆ ದೃಷ್ಟಿಯೂ ಬೀಳುತ್ತದೆ, ದರವೂ ಬೀಳುತ್ತದೆ. ಇದು ನನಗೆ ಅಕ್ಷರಾಭ್ಯಾಸಕ್ಕೂ ಮುಂಚೆ ಗೊತ್ತಿದ್ದ ಪಾಠ. ಬಾಗಿಲಲ್ಲಿ ನಿಂತು ತಳಕ್ಕೆ ಕೈ ಹಾಕಿದ ಕ್ಷಣವೇ ಆಕೆಗೆ ನಾನು ಯಾರೆಂದು ತಿಳಿದಿತ್ತು. ಪಕ್ಕದಲ್ಲಿ ರೀಲರು ಬೇರೆ. ಕೊಳ್ಳುವವರ ಮುಂದೆ ಬಾಯಿಬಿಡುವುದಿಲ್ಲ ಎಂದು ಪುಸ್ತಕದಲ್ಲೇ ಬರೆದಿತ್ತು. ಆಕೆ ಬಾಯಿಬಿಡಲಿಲ್ಲ. ನನ್ನ ಗುಮಾನಿಗೆ ಬೇಕಾದ ಮಾತಾದ್ದರಿಂದ ಅದೊಂದನ್ನು ಮಾತ್ರ ಅಲ್ಲಾಡಿಸಿ ನೋಡದೆ ಕೊಂಡುಕೊಂಡಿದ್ದೆ.

ನಿಮ್ಮ ಮನೆಯಲ್ಲಿ ಹಾಗೆ ಇಡುತ್ತಿದ್ದರಾ ಎಂದು ಜಯಂತಿಯನ್ನು ಕೇಳಿದೆ.

"ಇಟ್ಟಿದ್ರೂ ನಿಮಗ್ಯಾಕೆ ಹೇಳ್ಲಿ? ನೀವು ಲಾಟು ಕೂಗ್ದೋರು," ಎಂದು ಅವರೆಕಾಳಿನ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು. ಮುಖದಲ್ಲಿ ನಗೆ ಇತ್ತು. ಇವತ್ತಿನವರೆಗೂ ಅದಕ್ಕಿಂತ ಹೆಚ್ಚು ಹೇಳಿಲ್ಲ. ಹೆಂಡತಿಯ ಮೇಲೂ ನನಗೆ ಅಷ್ಟರಮಟ್ಟಿಗೆ ಅನುಮಾನ ಇದೆ.

ಪ್ರಬಂಧ ತಡವಾಗುತ್ತದೆ ಎಂದು ಸಂಪಾದಕರಿಗೆ ತಿಳಿಸಿ, ಚಿಕ್ಕತಾಯಮ್ಮನ ಮನೆಯಲ್ಲಿ ಮುಂದಿನ ಹುಳ ಮೇಯುವ ಹೊತ್ತಿಗೆ ಮತ್ತೆ ಕೂಟಗಲ್ಲಿಗೆ ಹೋದೆ. ಈ ಸಲ ಒಬ್ಬನೇ, ಬಸ್ಸಿನಲ್ಲಿ. ಜಿನುಗು ಮಳೆ ಹಾಗೆಯೇ ಇತ್ತು. ಕೊಡೆ ಬಾಗಿಲಿನ ಹೊರಗಿಟ್ಟು, ಹಂಡೆಯ ನೀರಿನಲ್ಲಿ ಕೈಕಾಲು ತೊಳೆದು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಬೆಳೆ ಹೇಗಿದೆ ಎಂದು ಕೇಳಲಿಲ್ಲ. ಒಬ್ಬರ ಪುಸ್ತಕದ ಬಗ್ಗೆ ಬರೆಯುವ ಕೆಲಸ ನನ್ನದು, ನಾನು ಸುಳ್ಳು ಬರೆದರೆ ಆ ಹುಡುಗಿಯ ಕೆಲಸ ಹೋಗುತ್ತದೆ, ಅದಕ್ಕೆ ಬಂದೆ ಎಂದು ಇದ್ದದ್ದು ಇದ್ದಹಾಗೆ ಹೇಳಿದೆ.

ಚಿಕ್ಕತಾಯಮ್ಮ ಅಡಿಕೆ ಅಗಿಯುತ್ತಲೇ ಕೇಳಿದರು: "ನೀನ್ ಗೂಡು ಕೊಳ್ಳೋನಲ್ವಾ?"

"ಈಗಲ್ಲ ಅವ್ವ. ಬುಟ್ಟು ಬೋ ವರ್ಸ ಆಯ್ತು."

"ಕೈ ಬುಟ್ಟಿಲ್ವಲ್ಲ," ಅಂದರು.

ಆಮೇಲೆ ಎದ್ದು ಹುಳದ ಮನೆಯ ಬಾಗಿಲು ತೆರೆದರು. ಹುಳ ಸೊಪ್ಪು ಮೇಯುವ ಸದ್ದು ಒಳಗೂ ಮಳೆ ಬರುತ್ತಿದ್ದ ಹಾಗಿತ್ತು. ಬಾಗಿಲ ಪಕ್ಕದ ಗೋಡೆಯ ಮೇಲೆ ಒಂದು ಮೊರ, ಬೆನ್ನು ಈ ಕಡೆ ಮಾಡಿ ನೇತುಬಿದ್ದಿತ್ತು. ಹೊಸ್ತಿಲ ಒಳಗೆ ಕೈ ಚಾಚಿದರೆ ಎಟಕುವಷ್ಟು ಹತ್ತಿರ. ಹಿತ್ತಲಲ್ಲಿ ಕೋಳಿ ಸೊಪ್ಪಿಗೆ ಬಾಯಿ ಹಾಕುತ್ತಿದೆ ಎಂದು ಗೊಣಗುತ್ತಾ ಆಕೆ ನನ್ನನ್ನು ಅಲ್ಲೇ ಬಿಟ್ಟು ಹೋದರು. ನನಗೆ ಯಾವ ಕೋಳಿಯ ಸದ್ದೂ ಕೇಳಿರಲಿಲ್ಲ.

ಬೇಕೆಂದೇ ಬಿಟ್ಟು ಹೋದರು, ಅದರಲ್ಲಿ ನನಗೆ ಸಂಶಯವಿಲ್ಲ. ಬೆರಳಲ್ಲಿ ನವೆ ಎದ್ದಂತಾಯಿತು. ತಿರುಗಿಸಿದರೆ ಮುಗಿಯಿತು, ಇದೆ ಅಥವಾ ಇಲ್ಲ. ನನ್ನ ವೃತ್ತಿಯೇ ತಿರುಗಿಸಿ ನೋಡುವುದು. ಆದರೆ ಕೈ ಹಾಕಿದರೆ ಆಕೆಗೆ ಗೊತ್ತಾಗದೆ ಇರದು. ಗೊತ್ತಾದ ಮೇಲೆ ಪುಸ್ತಕ ಓದಿಕೊಂಡು ಬರುವವರು ಯಾರೇ ಆಗಲಿ, ಆಕೆಯ ಕಣ್ಣಲ್ಲಿ ಕೊಳ್ಳುವವರ ಸಾಲಿಗೇ ಸೇರುತ್ತಾರೆ. ಭಾಗ್ಯಳಿಗೂ ಆ ಬಾಗಿಲು ಮುಚ್ಚುತ್ತದೆ. ಲಾಟು ನನ್ನದಲ್ಲ, ನಾನು ಕೂಗಲು ಬಂದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಬೆನ್ನ ಹಿಂದಿನ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದು ನಿಂತೆ.

ಆಕೆ ಬಂದವರು ಮೊದಲು ಮೊರ ನೋಡಿದರು, ಆಮೇಲೆ ನನ್ನ ಕೈ ನೋಡಿದರು.

"ಕಾಪಿ ಕುಡೀತೀಯೇನಪ್ಪ? ಕೂತ್ಕೊ."

ಬೆಲ್ಲದ ಕಾಫಿ. ಕುಡಿದೆ. ಗೂಡು ಇದೆ ಎಂದು ಅವರು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹೊರಡುವಾಗ, ಆ ಹುಡುಗಿ ಊಟ ಗೀಟ ಸರಿಯಾಗಿ ಮಾಡ್ತಾಳಾ, ಬಂದಾಗ ಬಾಳ ಸೊರಗಿದ್ಲು ಎಂದು ಕೇಳಿದರು. ಯಾವ ಹುಡುಗಿ ಎಂದು ನಾನು ಕೇಳಲಿಲ್ಲ.

ಪ್ಯಾರಾ ಬದಲಾಯಿಸಿದೆ. ಸಾಕ್ಷಿ ಮೊದಲ ಭೇಟಿಯಲ್ಲಿ ನನ್ನ ಬಳಿ ಇದನ್ನು ಅಲ್ಲಗಳೆದರು ಎಂಬುದನ್ನು ಉಳಿಸಿಕೊಂಡೆ. ಅದರ ಬೆನ್ನಿಗೇ, ನಾನು ಹಿಂದೆ ರೀಲರುಗಳ ಪರವಾಗಿ ಗೂಡು ಆರಿಸುತ್ತಿದ್ದವನು, ಈ ಆಚರಣೆಯನ್ನು ಮುಚ್ಚಿಡುವುದೇ ನನ್ನಂಥವರಿಂದ, ಆದ್ದರಿಂದ ಆ ನಿರಾಕರಣೆಯನ್ನು ಪುಸ್ತಕದ ವಿರುದ್ಧ ಎಣಿಸಲಾಗದು ಎಂದು ಸೇರಿಸಿದೆ.

ಸಂಪಾದಕರ ಫೋನು ಬರುವುದೆಂದು ಗೊತ್ತಿತ್ತು. ಬಂತು. ವಿದ್ವತ್ ಪ್ರಬಂಧದಲ್ಲಿ ನಿಮ್ಮ ಆತ್ಮಕಥೆ ಯಾಕೆ ಎಂದರು. ಅಲ್ಲಗಳೆದರು ಎನ್ನುವುದು ಸಂಗತಿ, ಅದು ಇರಲಿ. ಉಳಿದದ್ದು ನಿಮ್ಮ ಅಭಿಪ್ರಾಯ, ಪುಟದ ಮಿತಿಯೂ ಇದೆ, ತೆಗೆಯೋಣ ಎಂದರು. ಅರ್ಧ ವಾಕ್ಯ ಉಳಿದರೆ ಯಾರಿಗೆ ಏಟು ಬೀಳುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಇಲ್ಲಿ ಬರೆಯುವವರಿಗೆ ನನ್ನ ದೊಡ್ಡ ಸಲಹೆ ಒಂದಿದೆ: ಪ್ರಬಂಧದಲ್ಲಿ ಬಿಟ್ಟುಕೊಡಲಿಕ್ಕೆಂದೇ ಒಂದು ಪ್ಯಾರಾ ಇಟ್ಟುಕೊಂಡಿರಬೇಕು. ಅದು ನಿಮಗೆ ಪ್ರಿಯವಾದದ್ದೂ ಆಗಿರಬೇಕು, ಇಲ್ಲದಿದ್ದರೆ ಬಿಡುವಾಗ ದನಿಯಲ್ಲಿ ನೋವು ಬರುವುದಿಲ್ಲ. ಸಂಪಾದಕರ ಗುರುಗಳ ಪುಸ್ತಕದಲ್ಲಿ ಕನಕಪುರದ ಹಳ್ಳಿಗಳು ಮಾಗಡಿಗೆ ಸೇರಿಹೋಗಿದ್ದ ಒಂದು ನಕ್ಷೆ ಇತ್ತು. ಅದರ ಮೇಲೆ ಖಾರವಾಗಿ ಒಂದು ಪುಟ ಬರೆದಿದ್ದೆ.

"ಪುಟದ ಮಿತಿ ನಿಜ ಸಾರ್," ಎಂದೆ. "ಹಾಗಾದ್ರೆ ನಕ್ಷೆಯ ಭಾಗ ತೆಗೀತೀನಿ. ಇದು ಮಾತ್ರ ಪೂರ್ತಿ ಇರ್ಲಿ. ಇಲ್ಲಾಂದ್ರೆ ಎರಡೂ ಪೂರ್ತಿ ಇರ್ಲಿ, ಪ್ರಬಂಧ ಬೇರೆ ಕಡೆ ಕೊಡ್ತೀನಿ."

ಆ ಕಡೆ ಅವರು ಕೆಮ್ಮಿದರು. ಗುರುಗಳಿಗೆ ವಯಸ್ಸಾಗಿದೆ, ನಕ್ಷೆಯ ವಿಷಯ ಬೇಡವೇ ಬೇಡ ಎಂದರು. ವ್ಯಾಪಾರ ಕುದುರಿತು. ಆ ನಕ್ಷೆ ಇವತ್ತಿಗೂ ತಪ್ಪಾಗಿಯೇ ಇದೆ.

ಮಳೆ ಹಿಂದೆಗೆದು ಬಿಸಿಲು ಬಂದ ಹೊತ್ತಿಗೆ ಸಂಚಿಕೆ ಅಚ್ಚಾಯಿತು. ಸಂದರ್ಶನವೂ ಆಯಿತು. ಭಾಗ್ಯಳಿಗೆ ಕೆಲಸ ಸಿಕ್ಕಿತು. ನನ್ನಿಂದ ಸಿಕ್ಕಿತು ಎನ್ನುವುದಿಲ್ಲ, ನನ್ನಿಂದ ತಪ್ಪಲಿಲ್ಲ ಅಷ್ಟೇ. ಒಂದು ಮಧ್ಯಾಹ್ನ ಆಕೆಯ ಫೋನು ಬಂತು, ಮೊದಲ ಸಲ. ಬಸ್ ನಿಲ್ದಾಣದಿಂದಲೋ ಏನೋ, ಹಿಂದೆ ಕಂಡಕ್ಟರ್ ಹಾರೋಹಳ್ಳಿ ಹಾರೋಹಳ್ಳಿ ಎಂದು ಕೂಗುತ್ತಿದ್ದ. ಥ್ಯಾಂಕ್ಸ್ ಚುಟುಕಾಗಿ ಹೇಳಿದಳು. ನನ್ನ ಹಾಗೆಯೇ ಹುಷಾರಿನ ಹುಡುಗಿ ಅನಿಸಿತು. ಚಿಕ್ಕತಾಯಮ್ಮ ಊಟದ ವಿಚಾರ ಕೇಳಿದ್ದನ್ನು ಹೇಳಿದೆ, ಸಣ್ಣಗೆ ನಕ್ಕಳು.

"ಸಾರ್, ಒಂದು ಕೇಳ್ಲಾ? ಆ ಮೊರ ತಿರುಗ್ಸಿ ನೋಡಿದ್ರಾ?"

"ಇಲ್ಲಮ್ಮ," ಎಂದೆ. ಹೇಳುವಾಗ ಒಸಿ ಹೆಮ್ಮೆಯೇ ಇತ್ತು. "ನೀವು ನೋಡಿದ್ದೀರಲ್ಲ, ಅರಿಶಿನ ದಾರದ ಸಮೇತ ಬರ್ದಿದ್ದೀರಿ."

"ನಾನೂ ನೋಡಿಲ್ಲ ಸಾರ್. ಅವ್ರು ಹೇಳಿದ್ರು, ಬರ್ಕೊಂಡೆ. ಆಮೇಲೆ ಕಾಫಿ ಕೊಟ್ರು."

ಬಸ್ಸು ಹೊರಟಿತೆಂದು ಫೋನು ಇಟ್ಟಳು. ಪತ್ರಿಕೆ ಅಷ್ಟೊತ್ತಿಗಾಗಲೇ ಚಂದಾದಾರರ ಮನೆ ಸೇರಿತ್ತು, ಇನ್ನು ಒಂದಕ್ಷರ ತಿದ್ದುವಂತಿರಲಿಲ್ಲ.